ಖಾಸಗಿ ಹೈಸ್ಕೂಲೋ, ಕೆಪಿಎಸ್ಸೋ? ಎರಡರಲ್ಲೂ ಮಕ್ಕಳನ್ನು ಓದಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಪಿಎಸ್‌ಗೆ, ಅಂದರೆ ಸರ್ಕಾರದ ಕರ್ನಾಟಕ ಪಬ್ಲಿಕ್ ಸ್ಕೂಲ್‌ಗೆ. ದೊಡ್ಡವನನ್ನು ಪಟ್ಟಣದ ಖಾಸಗಿ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಹಾಕಿದ್ದೆವು, ಚಿಕ್ಕವಳು ಕೆಪಿಎಸ್. ಕಟ್ಟಡ, ಮೈದಾನ, ಕಂಪ್ಯೂಟರ್ ಎಲ್ಲ ಹೋಗಿ ನೋಡಿದರೆ ಗೊತ್ತಾಗುತ್ತದೆ, ಅದನ್ನು ಬಿಡಿ.

ಜನ ಶಾಲೆ ಆರಿಸುವುದು ಫ್ಲೆಕ್ಸ್ ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದದ್ದೇ ತಡ, ಬಸ್ ಸ್ಟ್ಯಾಂಡ್ ಎದುರು ಖಾಸಗಿಯವರ 100% ನೇತಾಡುತ್ತದೆ, 625ಕ್ಕೆ 600 ದಾಟಿದವರ ಫೋಟೋ ಸಾಲಾಗಿ. ಕೆಪಿಎಸ್ ತಾಲ್ಲೂಕು ಪಟ್ಟಿಯಲ್ಲಿ ಎಲ್ಲೋ ನಡುವೆ.

ಆ 100% ಹೇಗೆ ಬರುತ್ತದೆ ಅಂತ ತಿಳಿದದ್ದು ಮಗ 9ನೇ ತರಗತಿಯಲ್ಲಿದ್ದಾಗ. ಗಣಿತದಲ್ಲಿ ಅವನು ಹಿಂದೆ. ನಮ್ಮನ್ನು ಕರೆಸಿದರು, ತುಂಬಾ ನಯವಾಗಿಯೇ ಮಾತಾಡಿದರು. ‘ಹತ್ತನೇದು ಇವನಿಗೆ ಇಲ್ಲಿ ಕಷ್ಟ ಆಗುತ್ತೆ ಸರ್. ಟಿಸಿ ತಗೊಂಡು ಬೇರೆ ಕಡೆ ಸೇರಿಸಿ, ಇಲ್ಲಾಂದ್ರೆ ಹೊರಗಿನಿಂದ ಪರೀಕ್ಷೆ ಕಟ್ಟಿಸಿ.’ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 9ಕ್ಕೆ ಬಂದಮೇಲೆ ಆ ರಕ್ಷಣೆ ಇಲ್ಲ. ಆ ವರ್ಷ ಹೀಗೆ ಕರೆಸಿಕೊಂಡವರು ನಾವಷ್ಟೇ ಅಲ್ಲ.

ಟಿಸಿ ತಗೊಂಡು ಹೋಗುವುದಾದರೂ ಎಲ್ಲಿಗೆ? ಕೆಪಿಎಸ್‌ಗೇ. ಅಲ್ಲಿ ಯಾರೂ ಮಾರ್ಕ್ಸ್ ಕಾರ್ಡ್ ನೋಡಿ ಮುಖ ಸಿಂಡರಿಸಲಿಲ್ಲ, ಸೇರಿಸಿಕೊಂಡರು. ಈಗ ಲೆಕ್ಕ ಹಾಕಿ. ಅದೇ ಹುಡುಗರ ಹೆಸರು ಆ ಶಾಲೆಯ ಪಟ್ಟಿಯಿಂದ ಈ ಶಾಲೆಯ ಪಟ್ಟಿಗೆ ಬಂತು. ಇವರಲ್ಲಿ ಯಾರು ಫೇಲಾದರೂ ಇಳಿಯುವುದು ಸರ್ಕಾರಿ ಶಾಲೆಯ ಫಲಿತಾಂಶ, ಖಾಸಗಿಯವರ ಫ್ಲೆಕ್ಸ್‌ಗೆ ಏನೂ ಆಗುವುದಿಲ್ಲ. ಪರೀಕ್ಷೆ ಬರೆಯುವವರೇ 20 ಮಕ್ಕಳಿದ್ದರೆ ಒಬ್ಬ ಫೇಲಾದರೂ 5% ಹೋಯಿತಲ್ವಾ!

ಹಾಗಾಗಿ ಫಲಿತಾಂಶ ಎಷ್ಟು ಅಂತ ಕೇಳಬೇಡಿ. 8ನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅದೇ ಬ್ಯಾಚಿನಲ್ಲಿ ಹತ್ತನೇ ಪರೀಕ್ಷೆ ಬರೆದವರು ಎಷ್ಟು ಅಂತ ಕೇಳಿ. ನಮ್ಮ ಖಾಸಗಿ ಶಾಲೆಯ ಆಫೀಸಿನಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ, ಕೆಪಿಎಸ್ ಹೆಡ್‌ಮಾಸ್ಟರು ರಿಜಿಸ್ಟರನ್ನೇ ತೆರೆದು ತೋರಿಸಿದರು.

ವರ್ಷ ವರ್ಷದ ಹೋಲಿಕೆಯೂ ಸುಮ್ನೆ. ಇಡೀ ರಾಜ್ಯದ ಫಲಿತಾಂಶ 2023ರಲ್ಲಿ 83.89% ಇತ್ತು. 2024ರಲ್ಲಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಪರೀಕ್ಷಾ ಕೊಠಡಿ ಮೇಲೆ ಕ್ಯಾಮೆರಾದಲ್ಲಿ ನೇರವಾಗಿ ಕಣ್ಣಿಡುವುದು, ಗ್ರೇಸ್ ಮಾರ್ಕ್ಸ್ ಜಾಸ್ತಿ ಮಾಡಿದರೂ 73.40%ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮೇಷ್ಟ್ರೆಲ್ಲ ಪಾಠ ಮಾಡೋದು ಮರೆತರಾ?

ಇಂಗ್ಲಿಷ್ ಮಾತಾಡುವುದರಲ್ಲಿ ಖಾಸಗಿಯೇ ಮುಂದೆ, ಎರಡು ಮಾತಿಲ್ಲ. ಹೋಂವರ್ಕ್ ತಪ್ಪಿಸಿದರೆ ಮನೆಗೆ ಫೋನ್ ಬರುವುದೂ ಅಲ್ಲೇ. ಕೆಪಿಎಸ್‌ನಲ್ಲಿ ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಒಂದಷ್ಟು ಪಾಠ ಹಿಂದೆ ಬಿದ್ದಿರುತ್ತದೆ. ಆದರೆ ಪುಸ್ತಕ, ಬಿಸಿಯೂಟ ಉಚಿತ, ವ್ಯಾನಿನ ಖರ್ಚಿಲ್ಲ.

ಸಂಜೆ ಮಕ್ಕಳ ಜೊತೆ ಪುಸ್ತಕ ಹಿಡಿದು ಕೂರುವ ಅಭ್ಯಾಸ ನಮ್ಮ ಮನೆಯಲ್ಲಿದೆ, ಫೀಸಿನ ದುಡ್ಡಲ್ಲಿ ಸ್ವಲ್ಪ ಗಣಿತದ ಟ್ಯೂಷನ್‌ಗೆ ಹೋಗುತ್ತದೆ, ಹಾಗಾಗಿ ನಮಗೆ ಕೆಪಿಎಸ್ ಹೊಂದುತ್ತದೆ. ಗಂಡ ಹೆಂಡತಿ ಇಬ್ಬರೂ ಕತ್ತಲಾದ ಮೇಲೆ ಮನೆ ಸೇರುವವರಾದರೆ, ಮಗು ಓದಿನಲ್ಲಿ ಚುರುಕಾಗಿದ್ದರೆ ಖಾಸಗಿಗೆ ಹಾಕಿ, ನಾನು ಬೇಡ ಅನ್ನುವುದಿಲ್ಲ. ಮಗಳಿಗೆ ಪಿಯುಸಿಯೂ ಅದೇ ಆವರಣದಲ್ಲಿ ಸಿಗುತ್ತದೆ, ಆದರೆ ಸೈನ್ಸ್ ತಗೊಳ್ಳುವುದಾದರೆ ಫಿಸಿಕ್ಸ್ ಲೆಕ್ಚರರ್ ಇದ್ದಾರಾ ಅಂತ ಕೇಳಿಕೊಂಡೇ ಅರ್ಜಿ ಹಾಕುತ್ತೇವೆ.