ಮುಂಗೂದಲಿಗೆ ಎಫ್‌ಯುಇಯೋ, ಎಫ್‌ಯುಟಿಯೋ, ವಿಗ್ಗೋ?

ರಾಯಚೂರಿನ ಟ್ರಾನ್ಸ್ ಮಹಿಳೆಯೊಬ್ಬರ ಪ್ರಶ್ನೆ: ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ, ಏನು ಮಾಡಿಸಲಿ?

ಅಕ್ಕಾ, ಹಾರ್ಮೋನ್ ಶುರುವಾಗಿ ವರ್ಷ ತುಂಬಿರದಿದ್ದರೆ ತುಸು ತಡೆಯಿರಿ. ಉದುರುವುದು ಕಡಿಮೆಯಾಗಿ, ಸಣಕಲು ಕೂದಲು ಕೆಲವರಿಗೆ ದಪ್ಪಗಾಗುತ್ತದೆ. ನೆಡಬೇಕಾದ ಜಾಗ ಎಷ್ಟೆಂದು ಆಗಲೇ ಸರಿಯಾಗಿ ಗೊತ್ತಾಗುವುದು.

ಕೂದಲು ನೆಡಲು ಬೇರು ತೆಗೆಯುವ ವಿಧಾನ ಎರಡು: ಎಫ್‌ಯುಇ, ಎಫ್‌ಯುಟಿ. ಎಫ್‌ಯುಇಯಲ್ಲಿ ಹಿಂದಲೆಯಿಂದ ಒಂದೊಂದೇ ಬೇರನ್ನು ಸುಮಾರು 1 ಮಿ.ಮೀ. ತೂತಿನಿಂದ ತೆಗೆಯುತ್ತಾರೆ. ಗಾಯ ಬೇಗ ಮಾಯುತ್ತದೆ, ಆದರೆ ಸಾಮಾನ್ಯವಾಗಿ ಹಿಂದಲೆ ಬೋಳಿಸಬೇಕು. ವರ್ಷಗಟ್ಟಲೆ ಬೆಳೆಸಿದ ಜಡೆ ಹೋಗುವುದು ಸಣ್ಣ ನೋವಲ್ಲ. ಎಫ್‌ಯುಟಿಯಲ್ಲಿ ಚರ್ಮದ ಪಟ್ಟಿ ಕತ್ತರಿಸಿ ಹೊಲಿಗೆ ಹಾಕುತ್ತಾರೆ. ಎಳೆತ ಹೆಚ್ಚು, ಗೆರೆಯಂಥ ಕಲೆ ಉಳಿಯುತ್ತದೆ. ಉದ್ದ ಕೂದಲು ಅದನ್ನು ಮುಚ್ಚುತ್ತದೆ. ಜಡೆ ಉಳಿಸಿಕೊಳ್ಳುವವರಿಗೆ ಇದೇ ಮೇಲು. ಗಿಡ್ಡ ಕೂದಲಿನವರಿಗೆ ಎಫ್‌ಯುಇ.

ಖರ್ಚು ಗ್ರಾಫ್ಟ್ ಲೆಕ್ಕದಲ್ಲಿ, ಅಂದರೆ ತೆಗೆದು ನೆಡುವ ಬೇರುಗಳ ಲೆಕ್ಕದಲ್ಲಿ. ಮುಂಗೂದಲಿಗೆ ಹಲವರಿಗೆ 1500ರಿಂದ 2500 ಗ್ರಾಫ್ಟ್ ಬೇಕಾಗುತ್ತದೆ. ಕೆಲಸಕ್ಕೆ ಮೊದಲು ಪೆನ್ನಿನಲ್ಲಿ ಎಳೆದ ಗೆರೆಯನ್ನು ಕನ್ನಡಿಯಲ್ಲಿ ನೋಡಿ: ಮೂಲೆ ಮುಚ್ಚಿ ದುಂಡಗಿರಬೇಕು. ಗಂಡಸರ ಗೆರೆ ಎಳೆದರೆ ಅಲ್ಲೇ ಅಳಿಸಿಸಿ.

ನೆಟ್ಟ ಕೂದಲು 2ರಿಂದ 8 ವಾರದೊಳಗೆ ಉದುರುತ್ತದೆ, ಗಾಬರಿ ಬೇಡ. 3–4 ತಿಂಗಳಿಗೆ ಚಿಗುರುತ್ತದೆ, ಪೂರ್ತಿ ತುಂಬಲು ವರ್ಷ ಬೇಕು.

ಹಿಂದಲೆಯಲ್ಲೂ ಕೂದಲು ತೆಳುವಾಗಿದ್ದರೆ, ಇಲ್ಲವೇ ಹಣ ಕೂಡಿಲ್ಲದಿದ್ದರೆ ವಿಗ್ಗೇ ಸರಿ. ಆದರೆ ನಮ್ಮ ಕಡೆಯ ಬೇಸಿಗೆಯಲ್ಲಿ, ಹುಲಿಗಿ ಜಾತ್ರೆಯ ನೂಕುನುಗ್ಗಲಲ್ಲಿ ಬೆವರಿಗೆ ಅಂಟು ಬಿಡುತ್ತದೆ. ತೆಳು ಬಲೆಯದ್ದು ಆರಿಸಿ.

ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಮಾಡಿಸಿದರೆ ಅಂದೇ ರಾತ್ರಿ ಬಸ್ಸು ಹತ್ತಬೇಡಿ. ನೆಟ್ಟ ಜಾಗ ಮುಂದಿನ ಸೀಟಿಗೆ ತಗುಲಿದರೆ ಗ್ರಾಫ್ಟ್ ಕಿತ್ತುಬರಬಹುದು.