ಐದು ರೂಪಾಯಿಯ ಫಿಲ್ಟರ್ ನೀರು: ಘಟಕ ಪಾಸು, ಕ್ಯಾನ್ ಫೇಲು

ಊರ ಮುಂದೆ ಶೀಟು ಹೊದಿಸಿದ ಪುಟ್ಟ ಕೋಣೆ, ಗೋಡೆಯಲ್ಲಿ ನಾಣ್ಯ ಹಾಕುವ ಸೀಳು, ಕೆಳಗೊಂದು ಸ್ಟೀಲ್ ನಲ್ಲಿ. ಐದು ರೂಪಾಯಿಗೆ 20 ಲೀಟರ್. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ, ನಾಗಮಂಗಲ, ಪಾಂಡವಪುರದ ಕಡೆಯ ಬೋರ್‌ವೆಲ್ ಊರುಗಳಲ್ಲಿ ಕುಡಿಯುವ ನೀರೆಂದರೆ ಈಗ ಬಹುಪಾಲು ಇದೇ. ಕಾಗದದ ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’, ಜನರ ಬಾಯಲ್ಲಿ ಬರೀ ‘ಫಿಲ್ಟರ್’. ಇಲ್ಲಿರುವುದು ಯಾವುದೋ ಒಂದೂರಿನ ಘಟಕದ ವಿಮರ್ಶೆಯಲ್ಲ, ಒಟ್ಟು ಈ ಸೇವೆಯದು.

ತೀರ್ಪು ಮೊದಲೇ ಹೇಳಿಬಿಡಬಹುದು. ಸರಿಯಾಗಿ ನೋಡಿಕೊಂಡ ಘಟಕದ ನಲ್ಲಿಯಿಂದ ಬೀಳುವ ನೀರು ಒಳ್ಳೆಯದು, ಕೊಟ್ಟ ಕಾಸಿಗೆ ಮೋಸವಿಲ್ಲ. ಅದು ಕೆಡುವುದು ನಲ್ಲಿಗೂ ಲೋಟಕ್ಕೂ ನಡುವಿನ ದಾರಿಯಲ್ಲಿ. ಫಿಲ್ಟರ್ ನೀರನ್ನೇ ಕುಡಿಯುವ ಮನೆಯಲ್ಲಿ ವಾಂತಿ-ಭೇದಿ, ಟೈಫಾಯ್ಡ್, ಕಾಮಾಲೆ ಕಾಣಿಸಿಕೊಂಡರೆ ಯಂತ್ರವನ್ನು ಬೈಯುವ ಮೊದಲು ಕ್ಯಾನಿನೊಳಗೆ ಟಾರ್ಚ್ ಬಿಟ್ಟು ನೋಡಬೇಕು.

ಘಟಕ ಯಾಕೆ ಬೇಕು ಅನ್ನುವುದಕ್ಕೆ ಬೋರ್ ನೀರೇ ಉತ್ತರ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕರಗಿದ ಲವಣ, ಅಂದರೆ ಟಿಡಿಎಸ್, 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲವೆಂದರೆ 2,000ದವರೆಗೆ ಒಪ್ಪಬಹುದು. ಫ್ಲೋರೈಡ್ 1, ಗತಿಯಿಲ್ಲದಾಗ 1.5. ನೈಟ್ರೇಟಿಗೆ ಆ ವಿನಾಯಿತಿಯೂ ಇಲ್ಲ, 45 ಮಿಲಿಗ್ರಾಂ ಅಂದರೆ 45. ಬೋರ್ ನೀರಿನಲ್ಲಿ ಉಪ್ಪಿನ ಒಗರಿದ್ದರೆ ನಾಲಿಗೆಗೆ ಗೊತ್ತಾಗುತ್ತದೆ, ಫ್ಲೋರೈಡ್ ಮತ್ತು ನೈಟ್ರೇಟ್ ಗೊತ್ತಾಗುವುದಿಲ್ಲ. ಫ್ಲೋರೈಡ್ ಬರುವುದು ಬಂಡೆಯಿಂದ. ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಬೀಳುತ್ತದೆ. ಹೆಚ್ಚು ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದರೆ ಮೂಳೆಗೆ ಇಳಿಯುತ್ತದೆ. ನೈಟ್ರೇಟ್ ಕಬ್ಬಿನ ಗದ್ದೆಗೆ ಸುರಿದ ಯೂರಿಯಾದಿಂದ, ತಿಪ್ಪೆಯಿಂದ, ಪಿಟ್ ಕಕ್ಕಸಿನಿಂದ ಇಳಿದು ಬರುತ್ತದೆ. ಬಾಟಲಿ ಹಾಲು ಕುಡಿಯುವ ಎಳೆಗೂಸಿನ ರಕ್ತಕ್ಕೆ ಅದು ಸೇರಿದರೆ ಆಮ್ಲಜನಕ ಸಾಗುವುದು ಕಡಿಮೆಯಾಗಿ ಮೈ ನೀಲಿಗಟ್ಟುತ್ತದೆ. ಆರು ತಿಂಗಳವರೆಗೆ ಎದೆಹಾಲಷ್ಟೇ ಕೊಟ್ಟು ಬೇರೆ ನೀರು ಬೇಡ ಅನ್ನುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

‘ಕುದಿಸಿ ಕುಡಿದರೆ ಆಯ್ತಲ್ಲ’ ಅನ್ನುವ ಮಾತು ಇಲ್ಲಿ ಅರ್ಧ ಸತ್ಯ. ಕುದಿತ ರೋಗಾಣುವನ್ನು ಕೊಲ್ಲುತ್ತದೆ. ಫ್ಲೋರೈಡ್, ನೈಟ್ರೇಟ್ ಹಾಗೇ ಉಳಿಯುತ್ತವೆ. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ಅವನ್ನು ತೆಗೆಯುವುದು ಘಟಕದ ಒಳಗಿರುವ ಆರ್‌ಒ ಪೊರೆ, ಅಂದರೆ ಒತ್ತಡದಲ್ಲಿ ನೀರನ್ನು ದಾಟಿಸಿ ಲವಣವನ್ನು ತಡೆಯುವ ತೆಳು ಹಾಳೆ.

ಘಟಕದ ಬಾಗಿಲು ತೆರೆದಿದ್ದಾಗ ಒಮ್ಮೆ ಇಣುಕಿ ನೋಡಿ, ನೀರುಗಂಟಿ ಬೇಡ ಅನ್ನುವುದಿಲ್ಲ. ಬೋರ್ ನೀರು ಮೊದಲು ಮರಳಿನ ಸಿಲಿಂಡರಿಗೆ, ಆಮೇಲೆ ಇದ್ದಿಲಿನ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಒಂದು ಪುಟ್ಟ ಡ್ರಮ್ಮಿನಿಂದ ಹನಿಹನಿಯಾಗಿ ಆಂಟಿಸ್ಕೇಲಂಟ್, ಅಂದರೆ ಸುಣ್ಣ ಕಟ್ಟದಂತೆ ತಡೆಯುವ ದ್ರವ, ಸೇರುತ್ತದೆ. ನಂತರ 5 ಮೈಕ್ರಾನಿನ ಬಿಳಿ ದಾರದ ಕಾರ್ಟ್ರಿಡ್ಜ್, ಆಮೇಲೆ ಹೆಚ್ಚು ಒತ್ತಡದ ಪಂಪು, ಉದ್ದನೆಯ ಕೊಳವೆಯೊಳಗಿನ ಪೊರೆ, ಸ್ಟೀಲ್ ಟ್ಯಾಂಕ್, ಕೊನೆಗೆ ಯುವಿ ದೀಪ. ಇಷ್ಟರಲ್ಲಿ ಕೆಡುವ ಜಾಗ ಹೆಚ್ಚೇನಿಲ್ಲ, ಆದರೆ ಕೆಟ್ಟಿದ್ದು ಹೊರಗಿನ ನಲ್ಲಿಯಲ್ಲಿ ಕಾಣುವುದಿಲ್ಲ.

ಮರಳು, ಇದ್ದಿಲಿನ ಸಿಲಿಂಡರುಗಳಿಗೆ ದಿನವೂ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಬೇಕು. ಮೇಲಿನ ವಾಲ್ವಿನ ಹಿಡಿ ತಿರುಗಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ಬಿಟ್ಟರೆ ಮುಗಿಯಿತು. ಇದನ್ನು ಬಿಟ್ಟುಬಿಟ್ಟರೆ ಕೆಸರು ಮುಂದಿನ ಕಾರ್ಟ್ರಿಡ್ಜಿಗೆ ಹೋಗಿ ಅದು ಕಂದಾಗುತ್ತದೆ. ಕಾರ್ಟ್ರಿಡ್ಜ್ ಕಂದಾಗಿ ಕೂತಿದೆ ಅಂದರೆ ಬದಲಿಸುವ ದಿನ ಆಗಲೇ ಕಳೆದಿದೆ. ಆಂಟಿಸ್ಕೇಲಂಟ್ ಡ್ರಮ್ಮು ಖಾಲಿಯಿದ್ದರೆ ಗಡಸು ನೀರಿನ ಸುಣ್ಣ ಪೊರೆಯ ಮೇಲೆ ಕಟ್ಟುತ್ತದೆ. ಸ್ಟೀಲ್ ಟ್ಯಾಂಕು ತುಂಬಲು ಮೊದಲಿಗಿಂತ ದುಪ್ಪಟ್ಟು ಹೊತ್ತು ಹಿಡಿಯಲು ಶುರುವಾದರೆ ಮೊದಲು ಆ ಡ್ರಮ್ಮನ್ನು ನೋಡಿ. ಯುವಿ ದೀಪದ್ದು ಇನ್ನೊಂದು ಕಥೆ. ನೀಲಿ ಬೆಳಕು ಉರಿಯುತ್ತಲೇ ಇರುತ್ತದೆ, ರೋಗಾಣು ಕೊಲ್ಲುವ ಕಸುವು ಮಾತ್ರ ಸುಮಾರು 9,000 ಗಂಟೆಗೆ ಇಳಿದುಹೋಗಿರುತ್ತದೆ. ಹಗಲೂ ರಾತ್ರಿ ಉರಿಯುವ ದೀಪಕ್ಕೆ ಅದು ಒಂದು ವರ್ಷ. ದೀಪವನ್ನು ಸುತ್ತಿರುವ ಗಾಜಿನ ಕೊಳವೆಯನ್ನೂ ಆಗಾಗ ಒರೆಸಬೇಕು, ಮಬ್ಬು ಗಾಜಿನಿಂದ ಕಿರಣ ಹೊರಗೆ ಬರುವುದಿಲ್ಲ.

ಇಡೀ ಘಟಕದಲ್ಲಿ ಹೆಚ್ಚು ಅನುಮಾನದಿಂದ ನೋಡಬೇಕಾದ್ದು ಬೈಪಾಸ್ ವಾಲ್ವು. ಪೊರೆಯಿಂದ ಬಂದ ನೀರು ಸಪ್ಪೆ ಅನ್ನಿಸುತ್ತದೆ, ಹಾಗಾಗಿ ರುಚಿಗೆ ಒಂದಿಷ್ಟು ಬೋರ್ ನೀರನ್ನು ಪಕ್ಕದ ಪೈಪಿನಿಂದ ಬೆರೆಸುವ ವ್ಯವಸ್ಥೆ ಕೆಲವು ಯಂತ್ರಗಳಲ್ಲಿದೆ. ಬೇಸಿಗೆಯಲ್ಲಿ ಬೇಡಿಕೆ ಜಾಸ್ತಿಯಾದಾಗ ಅದೇ ವಾಲ್ವನ್ನು ಇನ್ನಷ್ಟು ತಿರುಗಿಸಿದರೆ ನೀರು ಬೇಗ ಸಿಗುತ್ತದೆ, ಅದರ ಜೊತೆಗೇ ಫ್ಲೋರೈಡೂ ನೈಟ್ರೇಟೂ ಬರುತ್ತವೆ. ಪತ್ತೆ ಹಚ್ಚುವುದು ಸುಲಭ. ಜೇಬಿನಲ್ಲಿ ಇಟ್ಟುಕೊಳ್ಳುವ ಟಿಡಿಎಸ್ ಮೀಟರಿನಲ್ಲಿ ಬೋರ್ ನೀರನ್ನೂ ಘಟಕದ ನೀರನ್ನೂ ಅಳೆಯಿರಿ. ಒಳ್ಳೆಯ ಪೊರೆ ಹತ್ತರಲ್ಲಿ ಒಂಬತ್ತು ಪಾಲು ಲವಣ ತೆಗೆಯುತ್ತದೆ. ಬೋರ್ 900 ಇದ್ದು ಘಟಕದ್ದು 90ರ ಆಸುಪಾಸಿನಲ್ಲಿದ್ದರೆ ಸರಿ. 300 ತೋರಿಸಿದರೆ ಒಂದೋ ವಾಲ್ವು ತೆರೆದಿದೆ, ಇಲ್ಲವೇ ಪೊರೆಯ ಆಯಸ್ಸು ಮುಗಿದಿದೆ.

ಮೀಟರ್ ಹೇಳುವುದು ಲವಣದ ಲೆಕ್ಕವನ್ನಷ್ಟೇ. ಟಿಡಿಎಸ್ 60 ಇರುವ ನೀರಿನಲ್ಲೂ ಮಲದ ರೋಗಾಣು ಇರಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ: ಎಚ್‌ಟುಎಸ್ ಬಾಟಲಿ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಮನೆಯೊಳಗೆ 24ರಿಂದ 48 ಗಂಟೆ ಇಟ್ಟರೆ, ಕಲುಷಿತ ನೀರಾದರೆ ಕಪ್ಪಗಾಗುತ್ತದೆ. ಜಲಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಡುವ, ಊರಿನ ಹೆಣ್ಣುಮಕ್ಕಳಿಗೆ ಅದರ ತರಬೇತಿ ಕೊಡುವ ವ್ಯವಸ್ಥೆ ಮಾಡಿದೆ. ಕಿಟ್ ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ. ಎರಡು ಬಾಟಲಿ ಕೇಳಿ, ಒಂದರಲ್ಲಿ ಘಟಕದ ನಲ್ಲಿಯ ನೀರು, ಇನ್ನೊಂದರಲ್ಲಿ ಮನೆಯ ಕ್ಯಾನಿನ ನೀರು. ಎರಡನೆಯದು ಮಾತ್ರ ಕಪ್ಪಾದರೆ ತೊಂದರೆ ಎಲ್ಲಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಕ್ಯಾನಿನ ವಿಷಯ. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಸ್ವಲ್ಪ ಉಳಿದಿರುತ್ತದೆ, ಆಮೇಲೆ ಬಿದ್ದ ಕೊಳೆಯ ಜೊತೆಗೂ ಅದು ಹೋರಾಡುತ್ತದೆ. ಆರ್‌ಒ ನೀರಿಗೆ ಆ ಕಾವಲಿಲ್ಲ. ಘಟಕದಿಂದ ಹೊರಟ ಕ್ಷಣದಿಂದ ಅದು ಬರಿಮೈಯ ನೀರು. ಕ್ಯಾನಿನ ಒಳಗೋಡೆಯಲ್ಲಿ ಲೋಳೆ ಇದ್ದರೆ ಎಷ್ಟು ಶುದ್ಧ ನೀರು ತುಂಬಿದರೂ ಮರುದಿನಕ್ಕೆ ಅದೇ ಲೋಳೆಯ ನೀರು. ಬೆರಳು ತೂರಿಸಿ ಕತ್ತಿನ ಒಳಭಾಗ ಸವರಿದಾಗ ಜಾರಿದರೆ ಲೋಳೆ ಕಟ್ಟಿದೆ ಅಂತಲೇ ಅರ್ಥ. ಬಿಸಿಲಿನಲ್ಲಿ ಇಟ್ಟ ಕ್ಯಾನಿಗೆ ಹಸಿರು ಪಾಚಿಯೂ ಸೇರುತ್ತದೆ.

ವಾರಕ್ಕೊಮ್ಮೆ ತೊಳೆಯುವ ಕ್ರಮ ಹೀಗೆ. ಮೊದಲು ಒಂದು ಹಿಡಿ ಕಲ್ಲುಪ್ಪು, ಎರಡು ಲೋಟ ನೀರು ಹಾಕಿ ಮುಚ್ಚಳ ಬಿಗಿದು ಜೋರಾಗಿ ಕುಲುಕಿ. ಕಿರಿದಾದ ಬಾಯಿಯೊಳಗೆ ಕೈ ಹೋಗದಿದ್ದರೂ ಉಪ್ಪಿನ ಹರಳು ಹೋಗಿ ಉಜ್ಜುತ್ತದೆ. ಉದ್ದ ಹಿಡಿಯ ಬ್ರಷ್ ಇದ್ದರೆ ಇನ್ನೂ ಒಳ್ಳೆಯದು. ಮರಳು, ಸ್ಟೀಲ್ ನಾರು ಬೇಡ, ಅವು ಮಾಡುವ ಗೀರುಗಳಲ್ಲೇ ಮುಂದಿನ ಲೋಳೆ ಬೇರೂರುವುದು. ಅದನ್ನು ಚೆಲ್ಲಿ, ಒಂದು ಬಕೆಟ್‌ನಲ್ಲಿ 10 ಲೀಟರ್ ನೀರಿಗೆ ಒಂದು ಚಮಚ, ಅಂದರೆ ಸುಮಾರು 5 ಗ್ರಾಂ, ಹೊಸ ಬ್ಲೀಚಿಂಗ್ ಪೌಡರ್ ಕಲಸಿ ಹತ್ತು ನಿಮಿಷ ಬಿಡಿ. ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಎರಡು ಲೀಟರಿನಷ್ಟು ಕ್ಯಾನಿಗೆ ಹಾಕಿ, ಮುಚ್ಚಿ, ಅಡ್ಡ ಮಲಗಿಸಿ, ಕಾಲು ಗಂಟೆಯಲ್ಲಿ ನಾಲ್ಕೈದು ಸಲ ಉರುಳಿಸಿ, ತಲೆಕೆಳಗು ಮಾಡಿ. ಮುಚ್ಚಳವನ್ನು ಉಳಿದ ತಿಳಿಯಲ್ಲಿ ಅದ್ದಿಡಿ. ಕೊನೆಗೆ ಘಟಕದ ನೀರಿನಲ್ಲೇ ಎರಡು ಸಲ ಗಲಬರಿಸಿ ಚೆಲ್ಲಿ, ನೆರಳಿನಲ್ಲಿ ಬೋರಲು ಹಾಕಿ. ಪೌಡರಿನ ಪೊಟ್ಟಣ ತೆರೆದಿಟ್ಟು ತಿಂಗಳುಗಳಾಗಿದ್ದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಘಾಟು ವಾಸನೆ ಇಲ್ಲದ ಪೌಡರ್ ಬರೀ ಸುಣ್ಣ. ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರನ್ನು ಯಾವ ಕಾರಣಕ್ಕೂ ಸೇರಿಸಬೇಡಿ, ಏಳುವ ಗಾಳಿ ಶ್ವಾಸಕೋಶವನ್ನೇ ಸುಡುತ್ತದೆ.

ತುಂಬಿಸುವಾಗಿನ ತಪ್ಪುಗಳೂ ಕಮ್ಮಿಯಿಲ್ಲ. ಬೈಕಿನಿಂದ ಕ್ಯಾನ್ ಇಳಿಸಲು ಬೇಜಾರಾಗಿ ನಲ್ಲಿಗೆ ಹಸಿರು ಪೈಪು ಸಿಕ್ಕಿಸುವುದು ಎಲ್ಲೆಡೆ ಕಾಣುವ ದೃಶ್ಯ. ಆ ಪೈಪಿನ ತುದಿ ಮಿಕ್ಕ ಹೊತ್ತು ಬಿದ್ದಿರುವುದು ಚರಂಡಿ ಕಟ್ಟೆಯ ಮೇಲೆ. ಅದನ್ನು ಕಿತ್ತು ಬಿಸಾಕಿ, ನಲ್ಲಿಗೇ ನೇರ ಹಿಡಿಯಿರಿ. ಕೆಳಗೆ ಬಿದ್ದ ಮುಚ್ಚಳವನ್ನು ಪ್ಯಾಂಟಿಗೆ ಒರೆಸಿ ಹಾಕುವುದು, ಮುಚ್ಚಳ ಕಳೆದುಹೋದರೆ ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಸುತ್ತುವುದು, ಎರಡೂ ಬೇಡ.

ಮನೆಗೆ ಬಂದ ಮೇಲೆ ಲೋಟ ಅದ್ದುವ ಪಾತ್ರೆಗಿಂತ ನಲ್ಲಿ ಇರುವ ಸ್ಟೀಲ್ ಡ್ರಮ್ಮು ಮೇಲು. ಅದಿಲ್ಲದಿದ್ದರೆ ಉದ್ದ ಹಿಡಿಯ ಸೌಟು. ಸೌಟನ್ನು ನೀರಿನೊಳಗೆ ಬಿಡದೆ ಗೋಡೆಯ ಮೊಳೆಗೆ ನೇತುಹಾಕಿ. ತಾಮ್ರದ ಬಿಂದಿಗೆ ಇಟ್ಟವರು ಇಡಲಿ, ತಕರಾರಿಲ್ಲ, ಆದರೆ ಅದನ್ನೂ ತೊಳೆಯಬೇಕು. ತಾಮ್ರ ಇದೆ ಅಂತ ಲೋಳೆ ಮಾಫಿಯಾಗುವುದಿಲ್ಲ. ಹಳೆಯ ನೀರಿನ ಮೇಲೆ ಹೊಸ ನೀರು ಸುರಿಯದೆ ಉಳಿದದ್ದನ್ನು ಪಾತ್ರೆ ತೊಳೆಯಲು ಬಳಸಿ. ಕಕ್ಕಸಿಗೆ ಹೋಗಿ ಬಂದ ಮೇಲೆ, ಅಡುಗೆಗೆ ಮುಂಚೆ, ಮಗುವಿಗೆ ಉಣಿಸುವ ಮುಂಚೆ ಸೋಪು ಹಾಕಿ 20 ಸೆಕೆಂಡು ಕೈ ಉಜ್ಜದಿದ್ದರೆ ಮೇಲೆ ಹೇಳಿದ್ದೆಲ್ಲ ದಂಡ.

ಐದು ಜನರ ಮನೆಗೆ ಕುಡಿಯಲು 12ರಿಂದ 15 ಲೀಟರ್, ಅನ್ನ ಸಾರಿಗೆ ಮಿಕ್ಕಿದ್ದು. ದಿನಕ್ಕೊಂದು ಕ್ಯಾನು, ತಿಂಗಳಿಗೆ 150 ರೂಪಾಯಿ. ಮುದ್ದೆಗೆ ಎಸರಿಡಲೂ ಇದೇ ನೀರು ಬಳಸಿ, ಬೋರ್ ನೀರಿನ ಫ್ಲೋರೈಡ್ ಕುದಿದರೂ ಮುದ್ದೆಯಲ್ಲೇ ಉಳಿಯುತ್ತದೆ.

ಮೈಸೂರು ನಗರದವರಿಗೆ ಈ ಸೇವೆಯನ್ನಾಗಲಿ ಮನೆಯ ಆರ್‌ಒ ಯಂತ್ರವನ್ನಾಗಲಿ ಶಿಫಾರಸು ಮಾಡುವುದಿಲ್ಲ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಬರುವ ಕಾವೇರಿ ನೀರು, ಬಿದರಗೂಡಿನಿಂದ ಬರುವ ಕಬಿನಿ ನೀರು ನದಿಯ ನೀರು, ಲವಣ ಕಡಿಮೆ. ಟಿಡಿಎಸ್ 500ಕ್ಕಿಂತ ಕೆಳಗಿರುವ ಕಡೆ ಆರ್‌ಒ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದ್ದು ಪೋಲಾಗುವ ನೀರನ್ನು ನೋಡಿ. ಮೈಸೂರಿನ ಮನೆಗಳಿಗೆ ಬೇಕಾದ್ದು ಆರು ತಿಂಗಳಿಗೊಮ್ಮೆ ಸಂಪು ಮತ್ತು ಮೇಲಿನ ಟ್ಯಾಂಕು ತೊಳೆಯುವುದು, ಸಂಪಿನ ಮುಚ್ಚಳ ನೆಲದಿಂದ ಒಂದು ಗೇಣು ಎತ್ತರವಿರುವುದು, ಕುಡಿಯುವ ನೀರಿಗೆ ಯುವಿ ಯಂತ್ರ ಅಥವಾ ಕುದಿತ. ಮಂಡ್ಯ ಪೇಟೆಯಲ್ಲಿ ಕಾವೇರಿ ನೀರು ಬರುವ ಬಡಾವಣೆಗಳಿಗೂ ಇದೇ ಮಾತು.

ಫಿಲ್ಟರ್ ಕೆಟ್ಟು ಬೀಗ ಬಿದ್ದ ದಿನ? ಬೋರ್ ನೀರನ್ನೇ ಬಟ್ಟೆಯಲ್ಲಿ ಸೋಸಿ, ಗುಳ್ಳೆಗಳು ಕುಣಿದು ಏಳುವಂತೆ ಒಂದು ನಿಮಿಷ ಪೂರ್ತಿ ಕುದಿಸಿ, ಕುದಿಸಿದ ಪಾತ್ರೆಯಲ್ಲೇ ಆರಲು ಬಿಟ್ಟು ಕುಡಿಯಿರಿ. ಫ್ಲೋರೈಡ್ ವರ್ಷಗಳ ಕಾಯಿಲೆ, ಒಂದು ವಾರಕ್ಕೆ ಏನೂ ಆಗದು. ಬಾಟಲಿ ಹಾಲಿನ ಕೂಸಿಗೆ ಮಾತ್ರ ಬೇರೆ ಊರಿನ ಘಟಕದ ನೀರು ತಂದು ಕುದಿಸಿ. ಊರ ತೊಂಬೆಗೆ ಕ್ಲೋರಿನ್ ಹಾಕುವುದಾದರೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅದರ ತಿಳಿ ಮಾತ್ರ, ಹಾಕಿ ಒಂದು ಗಂಟೆ ಬಿಟ್ಟ ಮೇಲೆ ನಲ್ಲಿ ಬಿಡಬೇಕು.

ಘಟಕದ ಹಿಂಬದಿಗೂ ಒಂದು ಅಂಕ ಕಳೆಯಲೇಬೇಕು. ಪೊರೆ ಒಳ್ಳೆಯ ನೀರು ಕೊಡುವಾಗ ಹೆಚ್ಚುಕಡಿಮೆ ಅಷ್ಟೇ ಉಪ್ಪು ನೀರನ್ನು ಹೊರಗೆ ತಳ್ಳುತ್ತದೆ. ಅದು ಹಳೇ ಟೈರು, ಒಡೆದ ಡ್ರಮ್ಮುಗಳಲ್ಲಿ ನಿಂತರೆ ಡೆಂಗ್ಯೂ ಸೊಳ್ಳೆಗೆ ಮನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ನಿಂತದ್ದನ್ನೆಲ್ಲ ಚೆಲ್ಲಿ ಒಣಗಿಸಬೇಕು. ಆ ನೀರನ್ನು ಟ್ಯಾಂಕಿಗೆ ತುಂಬಿ ಕಕ್ಕಸಿಗೆ, ನೆಲ ತೊಳೆಯಲು ಬಳಸಬಹುದು. ಸೊಪ್ಪಿನ ಮಡಿಗೆ ದಿನವೂ ಬಿಟ್ಟರೆ ಮಣ್ಣು ಉಪ್ಪಾಗುತ್ತದೆ.

ಅಂಕ ಕೊಡುವುದಾದರೆ ನೀರಿಗೆ ಐದಕ್ಕೆ ನಾಲ್ಕು, ಬೆಲೆಗೆ ಐದು, ನಿರ್ವಹಣೆಗೆ ಎರಡಕ್ಕಿಂತ ಹೆಚ್ಚಿಲ್ಲ. ‘ಕಾರ್ಟ್ರಿಡ್ಜಿಗೆ ದುಡ್ಡಿಲ್ಲ’ ಅನ್ನುವ ಉತ್ತರವನ್ನು ಸುಮ್ಮನೆ ಒಪ್ಪಬೇಕಿಲ್ಲ. ದಿನಕ್ಕೆ ನೂರು ಕ್ಯಾನು ಹೋಗುವ ಘಟಕದ ನಾಣ್ಯದ ಡಬ್ಬಿಗೆ ತಿಂಗಳಿಗೆ 15,000 ರೂಪಾಯಿ ಬೀಳುತ್ತದೆ, ಕಾರ್ಟ್ರಿಡ್ಜಿನ ಬೆಲೆ ಕೆಲವು ನೂರು. ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಕೇಳಬೇಕಾದ್ದು ಮೂರೇ ಕಾಗದ: ಡಬ್ಬಿಯ ಲೆಕ್ಕ, ಕಾರ್ಟ್ರಿಡ್ಜ್ ಮತ್ತು ಯುವಿ ದೀಪ ಬದಲಿಸಿದ ದಿನಾಂಕ, ಪ್ರಯೋಗಾಲಯದ ಕೊನೆಯ ವರದಿ. ಮೂರನ್ನೂ ಘಟಕದ ಹೊರಗೋಡೆಗೆ ಅಂಟಿಸಿ ಅಂತ ನಡಾವಳಿಯಲ್ಲಿ ಬರೆಸಿ.