ಕೊಡಗಿನ ಹೋಂಸ್ಟೇಲಿ ಬರ್ಡ್ ವಾಕ್: ನೀಲಿ ರೆಕ್ಕೆ ಗಿಳಿ ಸಿಕ್ತು!

ಫೆಬ್ರವರೀಲಿ ಎರಡು ದಿನ ಕಾಫಿ ತೋಟದೊಳಗಿರೋ ಒಂದು ಹೋಂಸ್ಟೇಲಿ ಇದ್ವಿ, ಹೋಗಿದ್ದೇ ಬೆಳಗಿನ ಬರ್ಡ್ ವಾಕ್‌ಗೋಸ್ಕರ. ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಗಿಳಿ ಇದು, ನಾನು ಎಷ್ಟೋ ವರ್ಷದಿಂದ ಕಾಯ್ತಿದ್ದೆ.

ಗೈಡ್ ಅಣ್ಣ ನಮ್ಮನ್ನ ಸೀದಾ ಒಂದು ಹಾಲುವಾಣದ ಮರದ ಹತ್ರ ಕರ್ಕೊಂಡೋಗಿ ಸುಮ್ನೆ ಕೂತ್ಕೊಳ್ಳಿ ಅಂದ್ರು, ಅರ್ಧ ಗಂಟೆ ಆದ್ಮೇಲೆ ಕಿರುಚ್ಕೊಂಡು ಆರೇಳು ಗಿಳಿ ಬಂದು ಕೆಂಪು ಹೂವಿಗೆ ಮುತ್ಕೊಂಡ್ವು ನೋಡಿ, ತಲೆ ಎದೆ ಎಲ್ಲಾ ಪಾರಿವಾಳದ ಥರ ಬೂದಿ ಬಣ್ಣ, ರೆಕ್ಕೆ ನೀಲಿ, ಬಾಲ ನೀಲಿ, ತುದಿ ಮಾತ್ರ ಹಳದಿ. ಒಂದು ಗಂಡು ತಲೆಕೆಳಗಾಗಿ ನೇತಾಡ್ಕೊಂಡು ಹೂವಿನ ಬುಡಕ್ಕೆ ಕೊಕ್ಕು ಹಾಕಿತ್ತು, ಮೇಲಿನ ಕೊಕ್ಕು ಕೆಂಪು, ಕತ್ತಲ್ಲಿ ಕಪ್ಪು ಪಟ್ಟಿ, ಅದರ ಕೆಳಗೆ ಹಸಿರು ನೀಲಿ ಹೊಳಪು. ಹೆಣ್ಣಿಗೆ ಕೊಕ್ಕು ಕಪ್ಪು, ಆ ಹೊಳಪೂ ಇಲ್ಲ.

ತುಂಬಾ ಇಷ್ಟ ಆಗಿದ್ದು ಅಂದ್ರೆ, ನಮ್ಮ ಜೊತೆ ಬಂದವ್ರೊಬ್ರು ಗಿಳೀನ ಹತ್ರ ಕರೆಯೋಕೆ ಮೊಬೈಲಲ್ಲಿ ಅದರ ಕೂಗು ಹಾಕೋಕೆ ಹೋದಾಗ ಗೈಡ್ ಖಡಾಖಂಡಿತವಾಗಿ ಬೇಡ ಅಂದ್ರು, ಇದು ಗೂಡು ಕಟ್ಟೋ ಟೈಮು, ಮರಕುಟಿಗ ಬಿಟ್ಟೋದ ಪೊಟರೇಲಿ ಮೊಟ್ಟೆ ಇರುತ್ತೆ ಅಂತ. ಗೂಡಿನ ಹತ್ರಾನೂ ಬಿಡ್ಲಿಲ್ಲ, ಸರಿಯಾಗೇ ಮಾಡಿದ್ರು.

ಬೇಜಾರು ಒಂದೇ, ಅವರು ಕೊಟ್ಟ ಬೈನಾಕ್ಯುಲರ್‌ನ ಲೆನ್ಸಲ್ಲಿ ಫಂಗಸ್, ಎಲ್ಲಾ ಮಂಜು ಮಂಜು. ನಿಮ್ದೇ ತಗೊಂಡೋಗಿ. ಊಟ ಪರವಾಗಿಲ್ಲ, ರೂಮ್ ಕ್ಲೀನ್ ಇತ್ತು. ಹಾಲುವಾಣ ಹೂ ಬಿಟ್ಟಿದೆಯಾ ಅಂತ ಫೋನ್ ಮಾಡಿ ಕೇಳ್ಕೊಂಡೇ ಬುಕ್ ಮಾಡಿ.